ಗುರುತಿಲ್ಲದ ಬೀಜ ಬಿತ್ತುವ ಮುನ್ನ: ಹಾಸನಕ್ಕೆ ಎಂಥ ಕಿನೋವಾ ತಳಿ ಬೇಕು?

ಆಲೂಗಡ್ಡೆ ಕಿತ್ತ ಹೊಲಕ್ಕೆ ಹಿಂಗಾರಿನಲ್ಲಿ ಏನು ಹಾಕುವುದು? ಹಾಸನ ಜಿಲ್ಲೆಯ ರೈತರಿಗೆ ಇದು ಪ್ರತಿವರ್ಷದ ಪ್ರಶ್ನೆ. ಜೋಳ, ಕಡಲೆ, ಹುರುಳಿ, ತರಕಾರಿ ಎಂಬ ಹಳೆಯ ಉತ್ತರಗಳ ಜೊತೆಗೆ ಈಚೆಗೆ ಕಿನೋವಾದ ಹೆಸರೂ ಕೇಳಿಬರುತ್ತಿದೆ. ನಗರದ ಅಂಗಡಿಗಳಲ್ಲಿ ಸಿರಿಧಾನ್ಯಗಳ ಸಾಲಿನಲ್ಲಿಯೇ ಇದ್ದು ಅವುಗಳಿಗಿಂತ ಹೆಚ್ಚಿನ ಬೆಲೆಗೆ ಮಾರಾಟವಾಗುವ ಈ ಕಾಳಿನ ಪ್ರಸ್ತಾಪ ಬಂದಾಗಲೆಲ್ಲ ಮೊದಲು ಏಳುವುದು ಬೆಲೆಯ ಮಾತು, ಆಮೇಲೆ ಇಳುವರಿಯ ಮಾತು. ಬಿತ್ತುವ ಬೀಜ ಯಾವ ತಳಿಯದು, ಅದನ್ನು ಯಾರು ಯಾವ ಹವೆಗೆಂದು ರೂಪಿಸಿದರು, ಹೊಲದಲ್ಲಿ ನಿಂತು ನೋಡಿದಾಗ ಅದು ಅದೇ ತಳಿ ಎಂದು ಹೇಗೆ ಗುರುತಿಸುವುದು ಎಂದು ಕೇಳುವವರು ತೀರಾ ಕಡಿಮೆ. ನನ್ನ ಪ್ರಕಾರ ಮೊದಲ ಪ್ರಶ್ನೆಯೇ ಅದಾಗಬೇಕು.

ಹೀಗೆ ಹೇಳಲು ಹಾಸನದ ಆಲೂಗಡ್ಡೆಯ ಚರಿತ್ರೆಯೇ ಕಾರಣ. ಇಲ್ಲಿನ ಮುಂಗಾರು ಬೆಳೆ ನಿಂತಿರುವುದು ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಗಳಲ್ಲಿ ಬರುವ ಬಿತ್ತನೆ ಗಡ್ಡೆಯ ಮೇಲೆ. ಬಹುಕಾಲ ಇಲ್ಲಿ ನೆಲೆಯೂರಿದ್ದ ತಳಿ ಕುಫ್ರಿ ಜ್ಯೋತಿ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಅದನ್ನು ಬಿಡುಗಡೆ ಮಾಡಿದಾಗ ಅಂಗಮಾರಿ ರೋಗವನ್ನು ತಡೆದುಕೊಳ್ಳುವ ಗುಣವೇ ಅದರ ಹೆಗ್ಗಳಿಕೆಯಾಗಿತ್ತು. ವರ್ಷಗಳು ಕಳೆದಂತೆ ರೋಗಾಣು ಬದಲಾಯಿತು, ತಳಿಯ ತಡೆಯುವ ಶಕ್ತಿ ಕುಸಿಯಿತು. ಮೋಡ ಕವಿದು ಜಡಿಮಳೆ ಹಿಡಿದ ದಿನಗಳಲ್ಲಿ ಹೊಲಕ್ಕೆ ಹೊಲವೇ ಕಪ್ಪಾಗುವುದನ್ನು ಜಿಲ್ಲೆ ಮತ್ತೆ ಮತ್ತೆ ಕಂಡಿದೆ. ಪ್ರತಿ ಸಲವೂ ಎದ್ದ ತಕರಾರು ಒಂದೇ: ತಪ್ಪು ಬೀಜದ್ದೋ, ತಳಿಯದ್ದೋ, ಹವಾಮಾನದ್ದೋ, ಔಷಧಿ ಹೊಡೆದ ರೈತನದ್ದೋ? ಚೀಲದ ಮೇಲಿನ ಹೆಸರಿಗೂ ಒಳಗಿನ ಗಡ್ಡೆಗೂ ಸಂಬಂಧವಿದೆಯೇ ಎಂದು ತೋರಿಸಲು ಆಧಾರವಿಲ್ಲದಿದ್ದರೆ ನಷ್ಟವೆಲ್ಲ ಉಳುವವನ ತಲೆಯ ಮೇಲೇ ಬೀಳುತ್ತದೆ. ಹೊಸ ಬೆಳೆಯೊಂದು ಇದೇ ದಾರಿಯಲ್ಲಿ ಜಿಲ್ಲೆಗೆ ಬರಬಾರದು.

ಕಿನೋವಾ ರಾಗಿ, ನವಣೆಗಳಂತೆ ಹುಲ್ಲಿನ ಜಾತಿಯ ಧಾನ್ಯವಲ್ಲ. ದಂಟು, ಪಾಲಕ್, ಬೀಟ್‌ರೂಟ್‌ಗಳ ಕುಟುಂಬದ ಗಿಡ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಶ್ರೇಣಿಯಲ್ಲಿ, ಮುಖ್ಯವಾಗಿ ಇಂದಿನ ಬೊಲಿವಿಯಾ ಮತ್ತು ಪೆರು ದೇಶಗಳಲ್ಲಿ, ಸಾವಿರಾರು ವರ್ಷಗಳಿಂದ ಅಲ್ಲಿನ ಮೂಲನಿವಾಸಿಗಳು ಬೆಳೆದು ಉಳಿಸಿಕೊಂಡು ಬಂದದ್ದು. ವಿಶ್ವಸಂಸ್ಥೆ 2013ನ್ನು ಅಂತರರಾಷ್ಟ್ರೀಯ ಕಿನೋವಾ ವರ್ಷವೆಂದು ಆಚರಿಸಿತು. ಆ ಹೊತ್ತಿಗೆ ಗಗನಕ್ಕೇರಿದ್ದ ಜಾಗತಿಕ ಬೆಲೆ, ಪೆರುವಿನ ಕರಾವಳಿಯಂತಹ ಹೊಸ ಪ್ರದೇಶಗಳಲ್ಲಿಯೂ ಬೆಳೆ ಹರಡಿದ ಮೇಲೆ, 2015ರ ಹೊತ್ತಿಗೆ ಅರ್ಧಕ್ಕೂ ಕೆಳಗೆ ಇಳಿಯಿತು. ಅದೇ ಸುಮಾರಿಗೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಕರ್ನಾಟಕದ ರೈತರಿಗೆ ಚಿಯಾ ಮತ್ತು ಕಿನೋವಾಗಳನ್ನು ಪರಿಚಯಿಸಿತು; ನೆರೆಯ ಅನಂತಪುರದಲ್ಲಿಯೂ ಪ್ರಯತ್ನಗಳು ನಡೆದವು. ಕಿನೋವಾದ ಪ್ರೋಟೀನ್ ಒಳ್ಳೆಯದು, ದೇಹಕ್ಕೆ ಹೊರಗಿನಿಂದಲೇ ಬೇಕಾದ ಅಮೈನೋ ಆಮ್ಲಗಳೆಲ್ಲ ಅದರಲ್ಲಿವೆ ಎಂಬುದು ನಿಜ. ಆದರೆ ಕ್ಯಾಲ್ಸಿಯಂನಲ್ಲಿ ನಮ್ಮ ರಾಗಿಯೇ ಮುಂದು. ರಾಗಿಯನ್ನು ಬದಿಗೊತ್ತಿ ಕಿನೋವಾ ಬೆಳೆಯಿರಿ ಎಂಬ ವಾದಕ್ಕೆ ನನ್ನ ಸಮ್ಮತಿಯಿಲ್ಲ. ಮುಂಗಾರಿನ ನಂತರ ಖಾಲಿ ಬೀಳುವ ನೆಲಕ್ಕೆ ಅದು ಹೊಂದುವುದೇ ಎಂಬುದಷ್ಟೇ ಪ್ರಶ್ನೆ.

ಹೊಂದುವುದು ಬಿಡುವುದು ತಳಿಯ ಮೇಲೆ ನಿಂತಿದೆ. ಬೊಲಿವಿಯಾದ ಎತ್ತರದ ಬಯಲುಸೀಮೆ ಸಮುದ್ರಮಟ್ಟದಿಂದ 3,600 ಮೀಟರ್‌ಗೂ ಮೇಲಿದೆ. ಹಾಸನ ಸುಮಾರು 950 ಮೀಟರ್. ಆಂಡೀಸ್‌ನ ಹೆಚ್ಚಿನ ತಳಿಗಳು ಹಗಲು ಕಿರಿದಾದಾಗ ಬೇಗ ಹೂ ಬಿಡುವ ಸ್ವಭಾವದವು. ಡಿಸೆಂಬರಿನಲ್ಲಿ ಹಾಸನದ ಹಗಲು ಹನ್ನೊಂದೂವರೆ ಗಂಟೆಗೂ ಕಡಿಮೆ. ಇಲ್ಲಿಗೆ ಹೊಂದದ ತಳಿ ಗಿಡ ಬೆಳೆಯುವ ಮೊದಲೇ ತೆನೆ ಹೊರಡಿಸಿ ಕುಳ್ಳಗೆ ಉಳಿಯುತ್ತದೆ. ಬಿತ್ತನೆ ತಡವಾದರೆ ಬಿಸಿಲಿನ ಕಾಟ: ಹೂ ಬಿಡುವ ಹೊತ್ತಿಗೆ ತಾಪಮಾನ 35 ಡಿಗ್ರಿ ದಾಟಿದರೆ ಪರಾಗ ಬಲಗುಂದಿ ಕಾಳು ಸರಿಯಾಗಿ ಕಟ್ಟುವುದಿಲ್ಲ. ಬಿತ್ತನೆ ಮುಂಚೆಯಾದರೆ ಮಳೆಯ ಕಾಟ. ಕಿನೋವಾ ಬೀಜಕ್ಕೆ ಸುಪ್ತಾವಸ್ಥೆ ಇಲ್ಲವೆನ್ನುವಷ್ಟು ಕಡಿಮೆ. ಮಾಗಿದ ತೆನೆ ನೆನೆದರೆ ಗಿಡದ ಮೇಲೆಯೇ ಮೊಳಕೆಯೊಡೆಯುತ್ತದೆ. ಸ್ವಾತಿ ಮಳೆಯ ಹದದಲ್ಲಿ ಬಿತ್ತಿ, ಡಿಸೆಂಬರ್ ಕೊನೆಯ ತಂಪಿನಲ್ಲಿ ಹೂ ಬಿಟ್ಟು, ಫೆಬ್ರುವರಿಯ ಒಣಹವೆಯಲ್ಲಿ ಒಕ್ಕಣೆಗೆ ಬರುವಂಥ ತಳಿ ಇಲ್ಲಿಗೆ ಬೇಕು.

ಅದೂ ಜಿಲ್ಲೆಗೆಲ್ಲ ಒಂದೇ ಆದರೆ ಸಾಲದೇನೋ. ಅರಸೀಕೆರೆಯ ಒಣಭೂಮಿಯಲ್ಲಿ ಬೇರು ಆಳಕ್ಕಿಳಿದು ತೇವ ಹುಡುಕಬೇಕು. ಬೇಲೂರು, ಆಲೂರುಗಳ ಅರೆಮಲೆನಾಡಿನಲ್ಲಿ ಬೆಳಗಿನ ಇಬ್ಬನಿ ಹೊತ್ತೇರುವವರೆಗೂ ಎಲೆಯ ಮೇಲೆ ಕೂತಿರುತ್ತದೆ, ಅಲ್ಲಿ ಮುಖ್ಯ ಶತ್ರು ಬೂಜು ತುಪ್ಪಟ ರೋಗ. ಕಿನೋವಾದ ಎಲ್ಲ ರೋಗಗಳಲ್ಲಿ ಇದೇ ಹೆಚ್ಚು ಹಾನಿಕರ. ಇದನ್ನು ತರುವ ಜೀವಿಯೂ ಆಲೂಗಡ್ಡೆಯ ಅಂಗಮಾರಿಯ ಜೀವಿಯೂ ಬೇರೆ ಬೇರೆ, ಒಂದು ಬೆಳೆಯಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಆದರೆ ಎರಡೂ ತಂಪು ಮತ್ತು ತೇವದಲ್ಲಿ ಹಬ್ಬುವ ಒಂದೇ ಗುಂಪಿಗೆ ಸೇರಿದವು. ಬೂಜು ತುಪ್ಪಟ ರೋಗ ಬೀಜದ ಸಿಪ್ಪೆಯಲ್ಲಿ ಅಡಗಿ ಊರೂರಿಗೆ ಪಯಣಿಸಬಲ್ಲದು. ಎಲ್ಲಿಂದಲೋ ತಂದ, ಪರೀಕ್ಷೆಯಾಗದ ಬೀಜದ ಅಪಾಯವನ್ನು ಹಾಸನದವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ.

ಚಿಕ್ಕ ಹೂವಿನ ದೊಡ್ಡ ತೊಡಕು

ಹಾಗಾದರೆ ಇಲ್ಲಿಗೆ ಹೊಂದುವ ತಳಿಯನ್ನು ಕಟ್ಟುವುದು ಹೇಗೆ? ಮೊದಲ ದಾರಿ ಆಯ್ಕೆ. ಬೇರೆ ಬೇರೆ ಮೂಲಗಳ ಹತ್ತಾರು ಬಗೆಗಳನ್ನು ಇಲ್ಲಿನ ನೆಲದಲ್ಲಿ ಬೆಳೆದು, ಚೆನ್ನಾಗಿ ಬಂದ ಒಂಟಿ ಗಿಡಗಳ ಬೀಜವನ್ನು ಪ್ರತ್ಯೇಕವಾಗಿ ಎತ್ತಿಟ್ಟು, ಪ್ರತಿ ಗಿಡದ ಸಂತಾನವನ್ನು ಬೇರೆ ಸಾಲಿನಲ್ಲಿ ಬಿತ್ತಿ, ಸಾಲು ಒಂದೇ ತೆರನಾಗುವವರೆಗೆ ಇದನ್ನೇ ಮುಂದುವರಿಸುವುದು. ವಿದೇಶದಿಂದ ಸಂಶೋಧನೆಗೆ ತರುವ ಬೀಜ ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೊ ಮೂಲಕ, ರೋಗತಪಾಸಣೆಯಾಗಿ, ಇ.ಸಿ. ಸಂಖ್ಯೆ, ಅಂದರೆ ವಿದೇಶಿ ಸಂಗ್ರಹದ ಗುರುತಿನ ಸಂಖ್ಯೆ, ಪಡೆದು ಬರಬೇಕು. ದೇಶದಲ್ಲಿ ಬಿಡುಗಡೆಯಾಗಿರುವ ಹಿಮ್ ಶಕ್ತಿ ಎಂಬ ಕಿನೋವಾ ತಳಿ ಹಾಗೆ ಬಂದ ಬೀಜದಿಂದಲೇ ಆಯ್ದದ್ದು. ಹೆಸರೇ ಹೇಳುವಂತೆ ಅದರ ಹಿನ್ನೆಲೆ ಹಿಮಾಚಲದ ಬೆಟ್ಟಗಳು. ಹಾಸನದ ಹಿಂಗಾರು ಬೇರೆಯದೇ ಹವೆ.

ಎರಡನೆಯ ದಾರಿ ಸಂಕರ. ಒಂದು ಗಿಡದ ಸಿಹಿಗುಣವನ್ನೂ ಇನ್ನೊಂದರ ರೋಗನಿರೋಧವನ್ನೂ ಒಂದೇ ತಳಿಯಲ್ಲಿ ಕೂಡಿಸಬೇಕೆಂದರೆ ಇದೇ ದಾರಿ. ಕಿನೋವಾದ ಹೂವಿಗೆ ದಳಗಳಿಲ್ಲ, ಅಗಲ ಕೆಲವೇ ಮಿಲಿಮೀಟರ್. ತೆನೆಯಲ್ಲಿ ಗೊಂಚಲು ಗೊಂಚಲಾಗಿ ಒತ್ತಿಕೊಂಡಿರುವ ಈ ಹೂಗಳಲ್ಲಿ ಕೆಲವು ದ್ವಿಲಿಂಗಿ, ಕೆಲವು ಬರೀ ಹೆಣ್ಣು. ಹೆಚ್ಚಿನ ಪಾಲು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಸಂಕರ ಮಾಡಬೇಕೆಂದರೆ ಹೂ ಬಿರಿಯುವ ಮೊದಲೇ ಚಿಮಟದಿಂದ ಪರಾಗಕೋಶಗಳನ್ನು ಒಂದೊಂದಾಗಿ ಕಿತ್ತು ತೆಗೆಯಬೇಕು. ಎಷ್ಟೇ ಜಾಗರೂಕರಾಗಿದ್ದರೂ ಒಂದೆರಡು ಉಳಿದೇ ಉಳಿಯುತ್ತವೆ. ಆಗ ಸಿಗುವ ಬೀಜದಲ್ಲಿ ನಿಜವಾದ ಸಂಕರ ಯಾವುದು, ತಾಯಿಯದೇ ಸ್ವಂತ ಸಂತಾನ ಯಾವುದು?

ಇದಕ್ಕೆ ತಳಿವರ್ಧಕರು ಕಂಡುಕೊಂಡಿರುವ ಉಪಾಯ ನನಗೆ ಬಹಳ ಹಿಡಿಸುತ್ತದೆ. ಗಿಡದ ಕೆಂಪು ಬಣ್ಣ ಹಸಿರಿನ ಎದುರು ಪ್ರಬಲ ಗುಣ, ಅಂದರೆ ಎರಡೂ ಕೂಡಿದ ಗಿಡದಲ್ಲಿ ಕಾಣುವುದು ಕೆಂಪೇ. ಹಸಿರು ಗಿಡವನ್ನು ತಾಯಿಯಾಗಿಯೂ ಕೆಂಪು ಗಿಡವನ್ನು ತಂದೆಯಾಗಿಯೂ ಆರಿಸಿಕೊಂಡರೆ, ಮುಂದಿನ ಪೀಳಿಗೆಯ ಸಸಿಗಳಲ್ಲಿ ಕೆಂಪಗಿರುವುದೆಲ್ಲ ಸಂಕರ, ಹಸಿರಾಗಿರುವುದೆಲ್ಲ ತಾಯಿಯ ಸ್ವಂತ ಸಂತಾನ. ಪ್ರಯೋಗಾಲಯವೇ ಬೇಡ, ಮಡಿಯ ಬಳಿ ಬಗ್ಗಿ ನೋಡಿದರೆ ಸಾಕು. ನಡುರಾತ್ರಿ ಕಳೆದ ಮೇಲೆ ಅರಳುವ ರಾಗಿಯ ಸಣ್ಣ ಹೂವಿನೊಂದಿಗೆ ಸೆಣಸಿ, ಭಾರತ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಮಂಡ್ಯದಲ್ಲಿ ಇಂಡಾಫ್ ತಳಿಗಳನ್ನು ಕಟ್ಟಿಕೊಟ್ಟ ಲಕ್ಷ್ಮಣಯ್ಯನವರ ನಾಡು ಇದು. ಚಿಕ್ಕ ಹೂವಿಗೆ ಹೆದರಿ ಕೈಬಿಡುವ ಪರಂಪರೆ ನಮ್ಮದಲ್ಲ.

ಸಂಕರದ ನಂತರ ಎರಡನೇ ಪೀಳಿಗೆಯಲ್ಲಿ ಗುಣಗಳೆಲ್ಲ ಚದುರಿ ಎತ್ತರ, ಕುಳ್ಳು, ಕೆಂಪು, ಹಸಿರು, ಕಹಿ, ಸಿಹಿ ಎಲ್ಲ ಬಗೆಯ ಗಿಡಗಳು ಹುಟ್ಟುತ್ತವೆ. ಅಲ್ಲಿಂದ ಆರಿಸುತ್ತ ಆರು, ಏಳು, ಎಂಟನೆಯ ಪೀಳಿಗೆಗೆ ಬಂದಾಗಲೇ ಸಾಲು ನೆಲೆ ನಿಲ್ಲುತ್ತದೆ. ಕಿನೋವಾದ ಪ್ರತಿ ಜೀವಕೋಶದಲ್ಲಿ 36 ವರ್ಣತಂತುಗಳಿವೆ. ಬಹಳ ಹಿಂದೆ ಎರಡು ಕಾಡುಜಾತಿಗಳು ಕೂಡಿ ಹುಟ್ಟಿದ ಗಿಡವಾದ್ದರಿಂದ ಎರಡರ ವಂಶವಾಹಿಗಳೂ ಅದರಲ್ಲಿ ಒಟ್ಟಿಗಿವೆ. ಕೆಲವು ಗುಣಗಳು ಸ್ಥಿರವಾಗಲು ತಡವಾಗುವುದಕ್ಕೆ ಇದೂ ಒಂದು ಕಾರಣ. 2017ರಲ್ಲಿ ಕಿನೋವಾದ ಪೂರ್ಣ ವಂಶವಾಹಿ ನಕ್ಷೆ ಪ್ರಕಟವಾದ ಮೇಲೆ, ಬೇಕಾದ ಗುಣವಿರುವ ಸಸಿಯನ್ನು ಎಲೆಯ ಚೂರಿನಿಂದಲೇ ಪತ್ತೆಹಚ್ಚುವ ದಾರಿ ತೆರೆದಿದೆ.

ಒಂದು ಹಂಗಾಮು ಅಡಗಿರುವ ಕಹಿ

ಕಿನೋವಾ ಕಾಳಿನ ಹೊರಸಿಪ್ಪೆಯಲ್ಲಿ ಸಪೋನಿನ್ ಎಂಬ ಕಹಿ ವಸ್ತುವಿದೆ. ಅಂಟುವಾಳದ ಕಾಯಿಯನ್ನು ನೀರಿನಲ್ಲಿ ಉಜ್ಜಿದರೆ ನೊರೆ ಬರುವುದು ಇದೇ ಬಗೆಯ ವಸ್ತುವಿನಿಂದ. ಹಕ್ಕಿಗಳು ಕಹಿ ತೆನೆಯನ್ನು ಅಷ್ಟಾಗಿ ಮುಟ್ಟುವುದಿಲ್ಲ, ಅದು ಲಾಭ. ಆದರೆ ತಿನ್ನುವ ಮೊದಲು ಕಾಳನ್ನು ಉಜ್ಜಿ, ತೊಳೆದು ಕಹಿ ತೆಗೆಯಲೇಬೇಕು. ಅದಕ್ಕೆ ಯಂತ್ರ ಬೇಕು, ನೀರು ಬೇಕು, ತೊಳೆದ ನೀರನ್ನು ಚೆಲ್ಲಲು ಜಾಗ ಬೇಕು. ಸಪೋನಿನ್ ಮೀನುಗಳಿಗೆ ವಿಷ. ಕೆರೆಗಳ ಜಿಲ್ಲೆಯಲ್ಲಿ ಇದನ್ನು ಹಗುರವಾಗಿ ಕಾಣುವಂತಿಲ್ಲ. ಹೀಗಾಗಿ ಸಿಹಿ ತಳಿಗಳಿಗೆ, ಅಂದರೆ ಸಪೋನಿನ್ ಪ್ರಮಾಣ ಶೇ 0.11ಕ್ಕಿಂತ ಕಡಿಮೆ ಇರುವ ತಳಿಗಳಿಗೆ ಬೇಡಿಕೆ. ಬೊಲಿವಿಯಾದಲ್ಲಿ 1960ರ ದಶಕದಲ್ಲಿಯೇ ಸಹಾಮಾ ಎಂಬ ಸಿಹಿ ತಳಿ ಸಿದ್ಧವಾಗಿತ್ತು. ಆಮೇಲೆ ನೆದರ್ಲೆಂಡ್ಸ್‌ನಲ್ಲಿಯೂ ಸಿಹಿ ತಳಿಗಳು ಬಂದವು.

ಸಿಹಿ ತಳಿ ತಂದರೆ ಸಮಸ್ಯೆ ಮುಗಿಯಿತೆಂದು ಹಲವರು ಭಾವಿಸುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಬಿಡಿಸಿ ಹೇಳಬೇಕು. ಕಹಿ ಪ್ರಬಲ ಗುಣ, ಸಿಹಿ ಅಪ್ರಬಲ ಗುಣ. ಕಿನೋವಾ ಬಹುಪಾಲು ಸ್ವಂತ ಪರಾಗದಿಂದಲೇ ಕಾಯಿ ಕಟ್ಟಿದರೂ ಶೇ 10ರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಬೇರೆ ಗಿಡದ ಪರಾಗದಿಂದ ಕಟ್ಟುತ್ತದೆ. ಒಬ್ಬರ ಹೊಲದಲ್ಲಿ ಸಿಹಿ ತಳಿಯಿದೆ, ಬದುವಿನಾಚೆ ಇನ್ನೊಬ್ಬರ ಹೊಲದಲ್ಲಿ ಕಹಿ ತಳಿಯಿದೆ ಎನ್ನೋಣ. ಗಾಳಿ ಆ ಪರಾಗವನ್ನು ಇತ್ತ ತರುತ್ತದೆ. ಆದರೆ ಸಪೋನಿನ್ ಇರುವುದು ಕಾಳಿನ ಹೊರಸಿಪ್ಪೆಯಲ್ಲಿ, ಆ ಸಿಪ್ಪೆ ತಾಯಿಗಿಡದ ಭಾಗ. ಒಳಗಿನ ಮೊಳಕೆಯಲ್ಲಿ ಬೆರೆತ ತಂದೆಯ ಗುಣ ಅಲ್ಲಿ ಕಾಣುವುದಿಲ್ಲ. ಆ ವರ್ಷ ಒಕ್ಕಿದ ರಾಶಿ ಪೂರ್ತಿ ಸಿಹಿ. ರೈತ ನೆಮ್ಮದಿಯಿಂದ ಅದರಲ್ಲಿಯೇ ಬೀಜಕ್ಕೆಂದು ಎತ್ತಿಡುತ್ತಾನೆ. ಮುಂದಿನ ಹಂಗಾಮಿನಲ್ಲಿ ಅಲ್ಲಲ್ಲಿ ಸಂಕರ ಗಿಡಗಳು ಎದ್ದು, ಅವುಗಳ ತೆನೆಯಲ್ಲಿ ಕಹಿ ಕಾಳು ಕಟ್ಟುತ್ತದೆ. ಒಕ್ಕಣೆಯಲ್ಲಿ ಎಲ್ಲ ಬೆರೆತು ಇಡೀ ರಾಶಿಯೇ ನೊರೆ ಬಿಡುತ್ತದೆ. ವ್ಯಾಪಾರಿ ಚೀಲ ತಿರಸ್ಕರಿಸುತ್ತಾನೆ. ಬೀಜ ಕೊಟ್ಟವರು ತಮ್ಮ ಬೀಜ ಸಿಹಿಯೇ ಆಗಿತ್ತೆನ್ನುತ್ತಾರೆ. ಅವರು ಹೇಳುವುದು ಸುಳ್ಳೂ ಅಲ್ಲ.

ತಳಿಯ ಗುರುತು ಸ್ಪಷ್ಟವಾಗಿದ್ದರೆ ಈ ನಷ್ಟವನ್ನು ತಪ್ಪಿಸಬಹುದು. ಉದಾಹರಣೆಗೆ, ಹಾಸನಕ್ಕೆಂದು ಕಟ್ಟುವ ಸಿಹಿ ತಳಿ ಪೂರ್ತಿ ಹಸಿರು ಕಾಂಡದ್ದಾಗಿದ್ದು, ಸುತ್ತಲಿನ ಕಹಿ ತಳಿಗಳು ಕೆಂಪು ಕಾಂಡದವಾಗಿದ್ದರೆ, ಬೆರಕೆ ಗಿಡ ಸಸಿಯಲ್ಲಿಯೇ ಕೆಂಪಾಗಿ ಕಾಣುತ್ತದೆ. ಕಳೆ ತೆಗೆಯುವ ಹೆಣ್ಣುಮಕ್ಕಳು ಅದನ್ನು ನೋಡಿದೊಡನೆ ಕಿತ್ತೆಸೆಯಬಲ್ಲರು. ತಳಿಯ ಗುರುತಿನ ಲಕ್ಷಣವನ್ನು ಕೊನೆಗೆ ಅರ್ಜಿ ತುಂಬುವಾಗ ಹುಡುಕುವುದಲ್ಲ, ಜೋಡಿ ಆರಿಸುವ ಮೊದಲ ದಿನವೇ ಅದನ್ನು ಯೋಚಿಸಬೇಕು ಎನ್ನುವುದು ಇದಕ್ಕಾಗಿಯೇ. ಇದರ ಜೊತೆಗೆ ಒಂದು ಊರಿನವರೆಲ್ಲ ಒಂದೇ ತಳಿ ಬಿತ್ತುವ ಒಪ್ಪಂದವಾದರೆ ಇನ್ನೂ ಒಳ್ಳೆಯದು. ಎಕರೆ, ಎರಡೆಕರೆಯ ಹಿಡುವಳಿಗಳಲ್ಲಿ ಹೊಲದಿಂದ ಹೊಲಕ್ಕೆ ದೂರ ಬಿಡುವುದು ಆಗದ ಮಾತು.

ಭಿನ್ನ, ಏಕರೂಪ, ಸ್ಥಿರ

ಒಂದು ತಳಿಯನ್ನು ಹೊಸದೆಂದು ಕಾನೂನು ಒಪ್ಪಬೇಕಾದರೆ ಅದು ಮೂರು ಪರೀಕ್ಷೆಗಳನ್ನು ದಾಟಬೇಕು. ಈಗಾಗಲೇ ತಿಳಿದಿರುವ ಯಾವುದೇ ತಳಿಗಿಂತ ಕನಿಷ್ಠ ಒಂದು ಮುಖ್ಯ ಲಕ್ಷಣದಲ್ಲಿ ಸ್ಪಷ್ಟವಾಗಿ ಭಿನ್ನವಾಗಿರಬೇಕು. ಹೊಲದ ತುಂಬ ಏಕರೂಪವಾಗಿರಬೇಕು. ಪೀಳಿಗೆಯಿಂದ ಪೀಳಿಗೆಗೆ ಸ್ಥಿರವಾಗಿರಬೇಕು. ಹೊಸ ತಳಿಯನ್ನೂ ಹೋಲಿಕೆಯ ತಳಿಗಳನ್ನೂ ಅಕ್ಕಪಕ್ಕದಲ್ಲಿ, ಒಂದೇ ಅಂತರದಲ್ಲಿ, ಒಂದಕ್ಕಿಂತ ಹೆಚ್ಚು ಹಂಗಾಮು ಬೆಳೆದು ದಾಖಲಿಸುವ ತಾಳ್ಮೆಯ ಕೆಲಸ ಇದು.

ಕಿನೋವಾದಲ್ಲಿ ನೋಡುವುದೇನು? ಕಾಂಡದ ಬಣ್ಣ, ಅದರ ಮೇಲಿನ ಗೆರೆಗಳ ಬಣ್ಣ, ಎಲೆ ಕಾಂಡಕ್ಕೆ ಕೂಡುವ ಕಂಕುಳಲ್ಲಿ ಕೆಂಪು ಚುಕ್ಕೆ ಇದೆಯೇ ಇಲ್ಲವೇ ಎಂಬುದು. ಎಲೆಯ ಅಂಚಿನ ಹಲ್ಲುಗಳು. ಎಳೆ ಎಲೆಯ ಮೇಲೆ ಹಿಟ್ಟು ಉದುರಿದಂತೆ ಕಾಣುವ ಸಣ್ಣ ಕಣಗಳು ಬಿಳಿಯೋ, ಗುಲಾಬಿಯೋ, ನೇರಳೆಯೋ. ತೆನೆಯ ಆಕಾರದಲ್ಲಿ ಎರಡು ಮುಖ್ಯ ಬಗೆಗಳಿವೆ: ದಂಟಿನ ತೆನೆಯಂತೆ ಉದ್ದುದ್ದ ಬೆರಳುಗಳಾಗಿ ಇಳಿಬಿದ್ದದ್ದು ಒಂದು, ಉಂಡೆ ಉಂಡೆಯಾಗಿ ಗುಂಪುಗೂಡಿದ್ದು ಇನ್ನೊಂದು, ಇವೆರಡರ ನಡುವಿನದೂ ಉಂಟು. ತೆನೆಯ ಬಣ್ಣವನ್ನು ಹೂ ಬಿಟ್ಟಾಗ ಒಮ್ಮೆ, ಮಾಗಿದಾಗ ಇನ್ನೊಮ್ಮೆ ಬರೆದುಕೊಳ್ಳಬೇಕು, ಏಕೆಂದರೆ ಹಸಿರು ತೆನೆ ಹಳದಿಯಾಗುತ್ತದೆ, ನೇರಳೆ ತೆನೆ ಮಾಸುತ್ತದೆ. ಕಾಳಿನ ಹೊರಸಿಪ್ಪೆಯ ಬಣ್ಣ ಬೇರೆ, ತೊಳೆದ ಮೇಲೆ ಕಾಣುವ ಒಳಸಿಪ್ಪೆಯ ಬಣ್ಣ ಬೇರೆ. ಸಪೋನಿನ್ ನೋಡಲು ಸರಳ ಪರೀಕ್ಷೆಯೊಂದಿದೆ: ಅರ್ಧ ಗ್ರಾಂ ಕಾಳನ್ನು ಐದು ಮಿಲಿಲೀಟರ್ ನೀರಿನೊಂದಿಗೆ ಗಾಜಿನ ನಳಿಕೆಯಲ್ಲಿ ಹಾಕಿ ಜೋರಾಗಿ ಕುಲುಕಿ, ನಿಂತ ನೊರೆಯ ಎತ್ತರ ಅಳೆಯುವುದು.

ಈ ಎಲ್ಲ ಲಕ್ಷಣಗಳಿಗೆ ಒಂದೇ ತೂಕವಿಲ್ಲ. ಗಿಡದ ಎತ್ತರವಾಗಲಿ ಕವಲುಗಳಾಗಲಿ ಗೊಬ್ಬರ, ನೀರು, ಸಾಲಿನ ಅಂತರಕ್ಕೆ ತಕ್ಕಂತೆ ಬದಲಾಗುತ್ತವೆ. ಒಂದೇ ತಳಿ ಅರಸೀಕೆರೆಯಲ್ಲಿ ಸೊಂಟದೆತ್ತರವಿದ್ದು ಬೇಲೂರಿನಲ್ಲಿ ತಲೆ ಮೀರಿದರೆ ಆಶ್ಚರ್ಯವಿಲ್ಲ. ಕಂಕುಳಿನ ಕೆಂಪು, ತೆನೆಯ ಬಗೆ, ಕಾಳಿನ ಬಣ್ಣಗಳು ಹಾಗೆ ಸುಲಭವಾಗಿ ಬದಲಾಗುವುದಿಲ್ಲ. ಒಳ್ಳೆಯ ತಳಿವರ್ಧಕ ಇಂಥ ಗಟ್ಟಿ ಲಕ್ಷಣಗಳ ಮೇಲೆಯೇ ತನ್ನ ತಳಿಯ ಗುರುತನ್ನು ನಿಲ್ಲಿಸುತ್ತಾನೆ. ಪಕ್ಕದ ಚಿಕ್ಕಮಗಳೂರಿನ ಬೆಳೆಗಾರರಿಗೆ ಇದು ಹೊಸ ವಿಷಯವಲ್ಲ. ಕಾಫಿ ಗಿಡದ ಎಳೆ ಚಿಗುರು ಕಂಚಿನ ಬಣ್ಣದ್ದೋ ಹಸಿರಿನದ್ದೋ ನೋಡಿ ತಳಿಯ ಜಾಡು ಹಿಡಿಯುವವರು ಅಲ್ಲಿದ್ದಾರೆ; 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಸಂಶೋಧನಾ ಕೇಂದ್ರದ ಎಸ್.795 ತಳಿಯನ್ನು ಹೆಸರಿನಿಂದಲೇ ಕೇಳಿ ನೆಟ್ಟ ತಲೆಮಾರುಗಳಿವೆ. ಹೊಳೆನರಸೀಪುರ, ಅರಕಲಗೂಡು ಕಡೆಯ ರಾಜಮುಡಿ ಭತ್ತವನ್ನು ಕಣ್ಣಲ್ಲೇ ಗುರುತಿಸುವ ರೈತರಿದ್ದಾರೆ. ಕಿನೋವಾಗೂ ಅಂಥ ಕಣ್ಣು ಬೆಳೆಯಬೇಕು.

ಈ ಮೂರು ಪರೀಕ್ಷೆಗಳು ಇಳುವರಿಯ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದನ್ನು ಗಮನಿಸಬೇಕು. ಇಳುವರಿ, ರೋಗನಿರೋಧ, ಗುಣಮಟ್ಟಗಳ ಪರೀಕ್ಷೆ ಬೇರೆ. ಅದು ಹಲವು ಕಡೆಗಳಲ್ಲಿ ನಡೆಯುವ ಸಂಯೋಜಿತ ಪ್ರಯೋಗಗಳದ್ದು. ಕಿನೋವಾದಂತಹ ಬೆಳೆಗಳಿಗಾಗಿ ಇರುವ ಅಖಿಲ ಭಾರತ ಜಾಲದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವೂ ಒಂದು ಕೇಂದ್ರ. ಅದರಲ್ಲಿ ಗೆದ್ದ ತಳಿಯನ್ನು 1966ರ ಬೀಜ ಕಾಯ್ದೆಯಡಿ ಅಧಿಸೂಚಿಸಲಾಗುತ್ತದೆ. ಅಧಿಸೂಚಿತ ತಳಿಗೆ ಮಾತ್ರ ಬೀಜ ಪ್ರಮಾಣೀಕರಣ: ತಳಿವರ್ಧಕ ಬೀಜಕ್ಕೆ ಬಂಗಾರ ಹಳದಿ ಚೀಟಿ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ. ಹೆಸರಿಲ್ಲದ ಕಿನೋವಾ ಚೀಲಕ್ಕೆ ಇವುಗಳಲ್ಲಿ ಯಾವುದೂ ಸಿಗುವುದಿಲ್ಲ. 2025ರ ನವೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಅಭಿಪ್ರಾಯಕ್ಕಾಗಿ ಪ್ರಕಟಿಸಿದ ಕರಡು ಬೀಜ ಮಸೂದೆ, ರೈತರ ತಳಿಗಳನ್ನು ಬಿಟ್ಟು ಮಾರಾಟಕ್ಕೆ ಬರುವ ತಳಿಗಳ ನೋಂದಣಿಯನ್ನು ಕಡ್ಡಾಯ ಮಾಡುವ ದಿಕ್ಕಿನಲ್ಲಿದೆ. ಆ ಅಂಶವನ್ನು ನಾನು ಸ್ವಾಗತಿಸುತ್ತೇನೆ.

ಗುರುತು ಯಾರ ಕೈಯಲ್ಲಿ?

ಗುರುತಿನ ಜೊತೆಗೆ ಒಡೆತನದ ಪ್ರಶ್ನೆಯೂ ಬರುತ್ತದೆ. ಅಮೆರಿಕದ ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳಿಗೆ 1994ರಲ್ಲಿ ಕಿನೋವಾದ ಮೇಲೆ ಪೇಟೆಂಟ್ ಸಿಕ್ಕಿತು. ಬೊಲಿವಿಯಾದ ಅಪೆಲಾವಾ ಎಂಬ ನಾಟಿ ತಳಿಯಲ್ಲಿ ಅವರು ಪರಾಗವೇ ಫಲಿಸದ ಗಿಡಗಳನ್ನು ಕಂಡಿದ್ದರು. ಪರಾಗಕೋಶ ಕೀಳುವ ಕೆಲಸ ಎಷ್ಟು ಕಷ್ಟವೆಂದು ಬಲ್ಲವರಿಗೆ ಇದರ ಬೆಲೆ ಅರ್ಥವಾಗುತ್ತದೆ: ಗಂಡುಭಾಗ ನಿಷ್ಫಲವಾದ ಗಿಡವಿದ್ದರೆ ಕೈ ಹಾಕದೆಯೇ ಸಂಕರ ಬೀಜ ಪಡೆಯಬಹುದು. ಆದರೆ ಆ ಗಿಡವನ್ನು ಸೃಷ್ಟಿಸಿದವರು ಆಂಡೀಸ್‌ನ ರೈತರು ಮತ್ತು ಅಲ್ಲಿನ ಪ್ರಕೃತಿ. ಬೊಲಿವಿಯಾದ ಕಿನೋವಾ ಬೆಳೆಗಾರರ ಸಂಘಟನೆ ತೀವ್ರವಾಗಿ ಪ್ರತಿಭಟಿಸಿತು. 1998ರಲ್ಲಿ ಆ ಪೇಟೆಂಟ್ ಕೈಬಿಡಲಾಯಿತು. ಬೊಲಿವಿಯಾ ತನ್ನ ಬೀಜಸಂಪತ್ತನ್ನು ಇಂದಿಗೂ ಬಿಗಿಯಾಗಿ ಕಾಯುವುದರ ಹಿಂದೆ ಇಂಥ ಅನುಭವಗಳಿವೆ. ಟಿಟಿಕಾಕಾ, ಪುನೊ, ರಿಯೊಬಾಂಬಾ ಎಲ್ಲ ಆಂಡೀಸ್ ಸೀಮೆಯ ಊರು, ಸರೋವರಗಳ ಹೆಸರುಗಳು. ಇಂದು ಅವು ಡೆನ್ಮಾರ್ಕ್ ಮತ್ತು ನೆದರ್ಲೆಂಡ್ಸ್‌ನಲ್ಲಿ ರೂಪುಗೊಂಡ ತಳಿಗಳ ಹೆಸರುಗಳೂ ಹೌದು. ಕಾನೂನಿನಲ್ಲಿ ತಪ್ಪಿಲ್ಲದಿರಬಹುದು, ಆದರೂ ಮನಸ್ಸಿಗೆ ಕಿರಿಕಿರಿಯಾಗುತ್ತದೆ. ನಾವು ಇಲ್ಲಿ ತಳಿ ಕಟ್ಟಿದರೆ ಅದರ ಮೂಲ ಯಾವ ಜನರದ್ದೆಂದು ದಾಖಲೆಯಲ್ಲಿ ತಪ್ಪದೆ ಬರೆಯಬೇಕು.

ನಮ್ಮ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರದು. ಪೇಟೆಂಟಿಗಿಂತ ಇದು ರೈತರಿಗೆ ಎಷ್ಟೋ ಮೇಲು. ನೋಂದಾಯಿತ ಬೆಳೆ ತಳಿಗೆ ಒಟ್ಟು 15 ವರ್ಷಗಳ ರಕ್ಷಣೆ ಸಿಗುತ್ತದೆ. ಆದರೆ ಇತರ ಸಂಶೋಧಕರು ಅದನ್ನು ಬಳಸಿ ಹೊಸ ತಳಿ ಕಟ್ಟಬಹುದು. ರೈತ ತಾನು ಬೆಳೆದ ಬೀಜವನ್ನು ಉಳಿಸಿ, ಬಿತ್ತಿ, ಹಂಚಿ, ಬ್ರ್ಯಾಂಡ್ ಹೆಸರಿಲ್ಲದೆ ಮಾರಲೂಬಹುದು. ಈ ಹಕ್ಕಿನ ಎಲ್ಲೆ ಎಲ್ಲಿಯವರೆಗೆ ಎಂಬ ವಿವಾದವನ್ನು ಆಲೂಗಡ್ಡೆಯಲ್ಲಿಯೇ ನೋಡಿದ್ದೇವೆ. ಪೆಪ್ಸಿಕೊ ಕಂಪನಿ ತನ್ನ ಎಫ್‌ಎಲ್ 2027 ತಳಿಯನ್ನು ಬೆಳೆದರೆಂದು 2019ರಲ್ಲಿ ಗುಜರಾತಿನ ರೈತರ ಮೇಲೆ ಮೊಕದ್ದಮೆ ಹೂಡಿ, ವಿರೋಧ ಎದ್ದ ಮೇಲೆ ಹಿಂತೆಗೆದುಕೊಂಡಿತು. 2021ರಲ್ಲಿ ಈ ಕಾಯ್ದೆಯಡಿ ರಚಿತವಾದ ಪ್ರಾಧಿಕಾರ ಆ ತಳಿಯ ನೋಂದಣಿಯನ್ನೇ ರದ್ದುಪಡಿಸಿತು. 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ರದ್ದತಿ ಆದೇಶವನ್ನು ತಳ್ಳಿಹಾಕಿತು. ಹಾಸನದ ಕಿನೋವಾ ಖಾಸಗಿ ಒಪ್ಪಂದದ ಬೀಜದಿಂದ ಆರಂಭವಾಗುವುದಕ್ಕಿಂತ ಸಾರ್ವಜನಿಕ ಸಂಸ್ಥೆಯ ತಳಿಯಿಂದ ಆರಂಭವಾಗಲಿ ಎಂದು ನಾನು ಒತ್ತಾಯಿಸುವುದು ಈ ಕಾರಣಕ್ಕೆ. ಕಾರೆಕೆರೆಯಲ್ಲಿ ಕೃಷಿ ಕಾಲೇಜಿದೆ, ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಆಯ್ಕೆಯ ಸಾಲುಗಳಲ್ಲಿ ಕೆಲವನ್ನು ಅರಸೀಕೆರೆ ಮತ್ತು ಬೇಲೂರಿನ ರೈತರ ಹೊಲಗಳಲ್ಲಿಯೇ ಬೆಳೆದು, ಅವರ ಕಣ್ಣಿಗೆ ಹಿಡಿಸಿದ ಗಿಡಗಳನ್ನು ಅವರೇ ಆರಿಸುವಂತಾದರೆ ತಳಿಯ ಹೆಸರಿನಲ್ಲಿ ಅವರಿಗೂ ಪಾಲು ಸಿಗಬೇಕು.

ಇದಕ್ಕೆಲ್ಲ ಸಮಯ ಬೇಕು. ವರ್ಷಕ್ಕೆ ಎರಡು ಪೀಳಿಗೆ ಬೆಳೆಸಿದರೂ ಸಾಲು ನೆಲೆ ನಿಲ್ಲಲು ಮೂರು ನಾಲ್ಕು ವರ್ಷ, ಆಮೇಲೆ ಹಲವು ಕಡೆಗಳ ಪ್ರಯೋಗ, ಆಮೇಲೆ ಬೀಜ ಹೆಚ್ಚಿಸುವುದು. ಬೆಚ್ಚಗಿನ ತೇವದ ಹವೆಯಲ್ಲಿ ಕಿನೋವಾ ಬೀಜ ಮೊಳೆಯುವ ಶಕ್ತಿಯನ್ನು ಬೇಗ ಕಳೆದುಕೊಳ್ಳುವುದರಿಂದ ದಾಸ್ತಾನಿಗೂ ವ್ಯವಸ್ಥೆ ಬೇಕು. ಸಂಕರದಿಂದ ಆರಂಭಿಸಿದರೆ ಸುಮಾರು ಒಂದು ದಶಕ, ಆಯ್ಕೆಯಿಂದ ಆರಂಭಿಸಿದರೆ ಅದಕ್ಕಿಂತ ಕಡಿಮೆ.

ಅಲ್ಲಿಯವರೆಗೆ ಕಿನೋವಾ ಬಿತ್ತಲೇಬೇಕೆಂದಿರುವವರು ಸ್ವಲ್ಪ ಜಾಗದಲ್ಲಿ ಮಾತ್ರ ಬಿತ್ತಲಿ, ತಳಿಯ ಹೆಸರು ಬರೆದ ರಸೀದಿ ಇಲ್ಲದೆ ಬೀಜ ಕೊಳ್ಳದಿರಲಿ. ಕೊಳ್ಳುವ ಮೊದಲು ಕಾಂಡದ ಬಣ್ಣ, ತೆನೆಯ ಬಗೆ, ಕಹಿಯೋ ಸಿಹಿಯೋ ಎಂಬುದನ್ನು ಬರಹದಲ್ಲಿ ಕೇಳಲಿ. ದೋಷಯುಕ್ತ ಬೀಜ ಕೊಂಡ ರೈತ ಗ್ರಾಹಕನೇ, ಗ್ರಾಹಕ ವೇದಿಕೆಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ನೋಂದಾಯಿತ ತಳಿಯಾಗಿದ್ದರೆ 2001ರ ಕಾಯ್ದೆಯ 39ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಯಾವ ಪರಿಸ್ಥಿತಿಯಲ್ಲಿ ಎಷ್ಟು ಫಲ ನಿರೀಕ್ಷಿಸಬಹುದೆಂದು ತಳಿವರ್ಧಕರು ಮೊದಲೇ ತಿಳಿಸಬೇಕು, ಅದು ಬರದಿದ್ದರೆ ರೈತ ಪ್ರಾಧಿಕಾರದ ಮುಂದೆ ಪರಿಹಾರ ಕೇಳಬಹುದು. ಎರಡೂ ಕಡೆ ಮೊದಲು ಕೇಳುವುದು ಬೀಜ ಯಾವುದೆಂಬುದಕ್ಕೆ ಸಾಕ್ಷ್ಯ. ರಸೀದಿ, ಚೀಲ, ಚೀಟಿ ಮತ್ತು ಬಿತ್ತದೆ ಉಳಿಸಿದ ಒಂದಿಷ್ಟು ಬೀಜವನ್ನು ಬೆಳೆ ಮಾರಾಟವಾಗಿ ಹಣ ಕೈಗೆ ಬರುವವರೆಗೆ ಜೋಪಾನವಾಗಿ ಇಟ್ಟುಕೊಳ್ಳಬೇಕು.